ಉಪಕರಣಕ್ಕೆ ವೃತ್ತಿ ಬರೆಯುವುದು

ಪದವಿ ತರಗತಿಗಳಿಗೆ ಕೇಶಿರಾಜನನ್ನು ಪಾಠ ಹೇಳುತ್ತ ಚನ್ನಗಿರಿ, ಹೊನ್ನಾಳಿ, ಜಗಳೂರುಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಗಣಕಯಂತ್ರದ ವಿಷಯವಾಗಿ ಮಾತನಾಡಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈಚೆಗೆ ಎಂಜಿನಿಯರುಗಳ ಮನೆಬಾಗಿಲಿಗೆ ಬಂದು ನಿಂತಿರುವ ತೊಡಕೊಂದು ವೈಯಾಕರಣನಿಗೆ ಬಹು ಹಳೆಯ ಪರಿಚಯದ್ದು. ವಸ್ತುವನ್ನು ಕಾಣದವನಿಗೆ ಬರಿಯ ಮಾತಿನಿಂದ ಅದರ ಬಳಕೆಯನ್ನು ತಪ್ಪಿಲ್ಲದಂತೆ ತಿಳಿಸುವುದು ಹೇಗೆ?

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯಂತ್ರಗಳ ನಕ್ಷೆ ಬರೆಯುವ ಕೆಲಸವನ್ನು ಗಣಕದ ಪರದೆಗೆ ತಂದ ಮೊದಲಿಗರಲ್ಲಿ ಇವಾನ್ ಸದರ್‌ಲೆಂಡ್ ಒಬ್ಬರು, ಅಮೆರಿಕದ ಎಂ.ಐ.ಟಿ.ಯಲ್ಲಿ ಅವರು ರಚಿಸಿದ ಸ್ಕೆಚ್‌ಪ್ಯಾಡ್ 1963ರದು. 1982ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಅದು ಸಣ್ಣ ಕಚೇರಿಗಳಿಗೂ ಎಟುಕಿತು. ಇಂಥ ತಂತ್ರಾಂಶಕ್ಕೆ ಕ್ಯಾಡ್ ಎಂದು ಹೆಸರು. ಈಗ ಅದರ ಮುಂದೆ ಮನುಷ್ಯನ ಬದಲು ಕೃತಕ ಬುದ್ಧಿಮತ್ತೆಯ ಏಜೆಂಟನ್ನು ಕೂರಿಸುವ ಪ್ರಯತ್ನ ನಡೆದಿದೆ. ಚನ್ನಗಿರಿಯ ವರ್ಕ್‌ಶಾಪಿನವರೊಬ್ಬರು "ಅಡಿಕೆ ಸುಲಿಯುವ ಯಂತ್ರಕ್ಕೆ ನಾಲ್ಕು ತೂತಿನ ತಗಡು ಬೇಕು" ಎಂದರೆ, ಏಜೆಂಟ್ ತಕ್ಕ ಉಪಕರಣಗಳನ್ನು ತಾನೇ ಆರಿಸಿಕೊಂಡು ನಕ್ಷೆ ರಚಿಸಬೇಕು. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಕಟ್ಟಳೆಯಂತೆ, ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ತುಂಬಬೇಕಾದ ಅಂಶಗಳ ಒಂದು ಪಟ್ಟಿ. ಏಜೆಂಟಿಗೆ ಮುಖ್ಯವಾಗಿ ತಿಳಿಯುವುದು ಅಷ್ಟೇ.

ನ್ಯಾಮತಿಯ ಬಡಗಿಯ ಬಳಿ ಕೆಲಸ ಕಲಿಯುವ ಹುಡುಗನಿಗೆ ಉಳಿಯ ವಿವರಣೆಯನ್ನು ಯಾರೂ ಬರೆದುಕೊಡುವುದಿಲ್ಲ. ಅವನು ಮೇಸ್ತ್ರಿಯ ಕೈ ನೋಡುತ್ತಾನೆ, ಒಮ್ಮೆ ಮರ ಕೆಡಿಸುತ್ತಾನೆ, ಬೈಸಿಕೊಳ್ಳುತ್ತಾನೆ, ಕಲಿಯುತ್ತಾನೆ. ಏಜೆಂಟಿಗೆ ನೋಡಿ ಕಲಿಯಲು ಮೇಸ್ತ್ರಿಯ ಕೈ ಇಲ್ಲ. ವಿವರಣೆಯಲ್ಲಿ ಬಿಟ್ಟುಹೋದದ್ದನ್ನು ಅದು ಊಹಿಸಿ ತುಂಬಿಕೊಳ್ಳುತ್ತದೆ. ಆ ಊಹೆಯಿಂದ ಕತ್ತರಿಸಿದ ತಗಡಿನ ಹಣವನ್ನು ತೆರಬೇಕಾದವನು, ಕೊಯ್ಲಿನ ಹೊತ್ತಿಗೆ ಯಂತ್ರವಿಲ್ಲದೆ ಕೂರಬೇಕಾದ ತೋಟದವನು.

"ತೂತು ಕೊರೆಯುತ್ತದೆ; ಅಳತೆ ಕೊಡಿ" ಎಂದಷ್ಟೇ ಬರೆದಿದೆಯೆನ್ನಿ. ಏಜೆಂಟ್ 12 ಎಂದು ಕೊಡುತ್ತದೆ. ಈ 12 ವ್ಯಾಸವೋ ತ್ರಿಜ್ಯವೋ? ಕಾರ್ಖಾನೆಯ ನಕ್ಷೆಗಳಲ್ಲಿ ತೂತಿಗೆ ಸಾಮಾನ್ಯವಾಗಿ ವ್ಯಾಸವನ್ನು ಕೊಡುತ್ತಾರೆ. ಫ್ರೀಕ್ಯಾಡ್ ತಂತ್ರಾಂಶದ ಸಿಲಿಂಡರ್ ಕೇಳುವುದು ತ್ರಿಜ್ಯವನ್ನು. ಎರಡೂ ಬೆರೆತರೆ 24 ಮಿಲಿಮೀಟರಿನ ತೂತಾಗಿ ಬೋಲ್ಟು ಜಾರಿ ಬೀಳುತ್ತದೆ. ಕೋನದ್ದು ಇನ್ನೂ ಸೂಕ್ಷ್ಮ. ಬ್ಲೆಂಡರ್ ಎಂಬ ತಂತ್ರಾಂಶ ಪರದೆಯ ಮೇಲೆ ಡಿಗ್ರಿಗಳನ್ನು ತೋರಿಸಿದರೂ ಪೈಥಾನ್ ಆಜ್ಞೆಯಲ್ಲಿ ರೇಡಿಯನ್ನುಗಳನ್ನು ಬಯಸುತ್ತದೆ. ಅಲ್ಲಿ 90 ಎಂದು ಕೊಟ್ಟರೆ ವಸ್ತು ಹದಿನಾಲ್ಕು ಸುತ್ತು ತಿರುಗಿ ಸುಮಾರು 117 ಡಿಗ್ರಿಗೆ ಬಂದು ನಿಲ್ಲುತ್ತದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ನಾಶವಾದದ್ದೂ, ಒಂದು ತಂತ್ರಾಂಶ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ನಿನ ಲೆಕ್ಕವೆಂದು ಓದಿಕೊಂಡದ್ದರಿಂದಲೇ.

ಹದಿಮೂರನೆಯ ಶತಮಾನದ ಕೇಶಿರಾಜ ಸೂತ್ರವನ್ನು ಕಂದಪದ್ಯದಲ್ಲಿ ಹೇಳಿ ಸುಮ್ಮನಾಗಲಿಲ್ಲ. ತಾನೇ ವೃತ್ತಿ ಬರೆದ, ಪ್ರಯೋಗಗಳನ್ನು ಕೊಟ್ಟ. ಉಪಕರಣದ ಹೆಸರು ಸೂತ್ರದಂತೆ. ಅದಕ್ಕೆ ವೃತ್ತಿಯೂ ಪ್ರಯೋಗವೂ ಬೇಕು. ನಾನಾದರೆ ಹೀಗೆ ಬರೆಯುತ್ತಿದ್ದೆ: "ಸಮತಟ್ಟಾದ ತಗಡಿನಲ್ಲಿ ಈ ಬದಿಯಿಂದ ಆ ಬದಿಗೆ ತೂರುವ ದುಂಡು ತೂತನ್ನು ಕೊರೆಯುತ್ತದೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಕೊಡಬೇಕು. ತೂತಿನ ಕೇಂದ್ರವನ್ನು ತಗಡಿನ ಎಡಭಾಗದ ಕೆಳಮೂಲೆಯಿಂದ ಅಳೆಯಬೇಕು. ಅರ್ಧ ಆಳದ ಕುಳಿಗೆ ಇದನ್ನು ಬಳಸಬಾರದು. ಅದಕ್ಕೆ ಬೇರೆ ಉಪಕರಣವಿದೆ. ತೂತು ಅಂಚನ್ನು ದಾಟುವಂತಿದ್ದರೆ ಏನನ್ನೂ ಕೊರೆಯದೆ, ಎಷ್ಟು ದಾಟುತ್ತದೆಂದು ತಿಳಿಸುತ್ತದೆ. ಉದಾಹರಣೆ: ವ್ಯಾಸ 12, ಅಡ್ಡಕ್ಕೆ 20, ಮೇಲಕ್ಕೆ 20." "ಅತ್ಯಂತ ಸಮರ್ಥವಾದ ಉಪಕರಣ" ಎಂಬ ಹೊಗಳಿಕೆ ಇಲ್ಲಿ ಬೇಡ. ಅದು ಮುನ್ನುಡಿ ಬರೆಯುವವರ ಚಟ. ಅದರಿಂದ ಒಂದು ತೂತೂ ಸರಿಯಾಗಿ ಬೀಳದು.

ಕೊನೆಯ ನಿಯಮವನ್ನು ಬಹುಮಂದಿ ಮರೆಯುತ್ತಾರೆ. ಕೆಲಸ ಕೆಟ್ಟಾಗ "ದೋಷ" ಎಂಬ ಒಂಟಿ ಪದ ಹಿಂದಿರುಗಿದರೆ ಏಜೆಂಟ್ ಅದೇ ತಪ್ಪನ್ನು ಹತ್ತು ಸಲ ಮಾಡೀತು. "ಅಂಚನ್ನು 3 ಮಿಲಿಮೀಟರ್ ದಾಟಿದೆ" ಎಂದರೆ ತಿದ್ದಿಕೊಳ್ಳಲು ದಾರಿಯಿರುತ್ತದೆ.

ಹತ್ತಿರದ ಹೆಸರುಗಳ ಗೊಂದಲವೂ ಉಂಟು. ಕ್ಯಾಡಿನಲ್ಲಿ ರೊಟೇಟ್ ಎಂದರೆ ಇದ್ದ ವಸ್ತುವನ್ನು ತಿರುಗಿಸಿಡುವುದು. ರಿವಾಲ್ವ್ ಎಂದರೆ ಒಂದು ರೇಖಾಕೃತಿಯನ್ನು ಅಕ್ಷದ ಸುತ್ತ ಸುತ್ತಿಸಿ, ಕುಂಬಾರನ ತಿಗರಿಯ ಮೇಲೆ ಮಡಕೆ ಏಳುವಂತೆ, ಹೊಸ ಘನಾಕೃತಿಯನ್ನು ಪಡೆಯುವುದು. ಕನ್ನಡದಲ್ಲಿ ಎರಡನ್ನೂ "ತಿರುಗಿಸು" ಎಂದುಬಿಡುತ್ತೇವೆ. ಪ್ರತಿಯೊಂದರ ವಿವರಣೆಯೂ ಇನ್ನೊಂದನ್ನು ಹೆಸರಿಸಿ, ತಾನು ಅದಲ್ಲವೆಂದು ಹೇಳಿಕೊಳ್ಳಬೇಕು.

ನಮ್ಮ ಜನ ತಮ್ಮ ಮಾತಿನಲ್ಲೇ ಅಪ್ಪಣೆ ಕೊಡತೊಡಗಿದಾಗ ಈ ಎಚ್ಚರ ಮತ್ತಷ್ಟು ಬೇಕಾಗುತ್ತದೆ. ಮನೆ ಕಟ್ಟಿಸುವ ಜಗಳೂರಿನ ಯಜಮಾನರು ನಕ್ಷೆ ನೋಡುತ್ತ "ಆ ಬಾಗಿಲು ತೆಗಿ" ಎನ್ನುತ್ತಾರೆ. ತೆರೆದಂತೆ ತೋರಿಸಬೇಕೋ, ಗೋಡೆಯಿಂದಲೇ ಕಿತ್ತುಹಾಕಬೇಕೋ? ಎದುರಿಗಿದ್ದ ಮನುಷ್ಯನಾದರೆ ಅವರ ಮುಖ ನೋಡಿ ತಿಳಿದಾನು. ಅಳಿಸುವ ಉಪಕರಣದ ವಿವರಣೆಯಲ್ಲಿ ಇನ್ನೂ ಒಂದು ಸಾಲನ್ನು ನಾನು ಸೇರಿಸುತ್ತೇನೆ: "ಇದು ವಸ್ತುವನ್ನು ನಕ್ಷೆಯಿಂದ ಇಲ್ಲವಾಗಿಸುತ್ತದೆ, ಹೇಳಿದವರ ಅಭಿಪ್ರಾಯ ತೆರೆಯುವುದೂ ಆಗಿರಬಹುದಾದರೆ, ಮೊದಲು ಅವರನ್ನೇ ಕೇಳು."