ಜೀವ ಹೋದಂತಿರುವ ವಿ.ಸಿ.ಆರ್.

ಮೈಸೂರಿನ ಲಕ್ಷ್ಮೀಪುರಂ, ಸರಸ್ವತಿಪುರಂ, ಅಗ್ರಹಾರಗಳಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಟ್ಟವನ್ನು ತಡಕಿದರೆ ಒಂದು ವಿ.ಸಿ.ಆರ್. ಪೆಟ್ಟಿಗೆಯೂ ನಾಲ್ಕಾರು ಕ್ಯಾಸೆಟ್ಟುಗಳೂ ಇನ್ನೂ ಸಿಕ್ಕುವುದುಂಟು. 1980-90ರ ದಶಕಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳನ್ನು ಹಿಡಿದಿಟ್ಟದ್ದು ಇಂತಹ ಟೇಪುಗಳಲ್ಲಿಯೇ. ತೀರಿಕೊಂಡ ಅಜ್ಜಿಯ ನಡಿಗೆ, ಮಾತು, ನಗು ಅಲ್ಲಿಯಲ್ಲದೆ ಬೇರೆಲ್ಲಿಯೂ ಉಳಿದಿರಲಾರವು. ಜಪಾನಿನ ಜೆ.ವಿ.ಸಿ. ಕಂಪೆನಿ 1976ರಲ್ಲಿ ಹೊರತಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಕಂಪೆನಿಯವರೂ 2016ರಲ್ಲಿ ಕೈಬಿಟ್ಟರು. ಹೊಸದು ದೊರೆಯದು, ಆದುದರಿಂದ ಗುಂಡಿ ಒತ್ತಿದರೂ ಏಳದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ತುಸು ಪರೀಕ್ಷಿಸಬೇಕು.

ಮೊದಲು ಗಡಿಯಾರದ ಅಂಕಿಗಳು ಬೆಳಗುತ್ತಿವೆಯೇ ನೋಡಿ. ಬೆಳಗುತ್ತಿದ್ದರೆ ವಿದ್ಯುತ್ತು ಒಳಗೆ ಬಂದಿದೆ ಎಂದೇ ಅರ್ಥ. ಆಗ ‘ಟೈಮರ್’ ಗುಂಡಿಯನ್ನು ಗಮನಿಸಬೇಕು. ಅದು ಒತ್ತಿದ ಸ್ಥಿತಿಯಲ್ಲಿದ್ದರೆ ಹಲವು ಯಂತ್ರಗಳು ಮಿಕ್ಕ ಗುಂಡಿಗಳ ಮಾತನ್ನು ಕೇಳುವುದೇ ಇಲ್ಲ. ಇಷ್ಟಕ್ಕೇ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಅಂಗಡಿಗೆ ಒಯ್ದವರುಂಟು!

ಅಂಕಿಗಳೂ ಬೆಳಗದಿದ್ದರೆ ಅದೇ ಸಾಕೆಟ್ಟಿಗೆ ಟೇಬಲ್ ದೀಪವೊಂದನ್ನು ಹಾಕಿ ನೋಡಿ. ತಂತಿ ಎಲ್ಲಿಯಾದರೂ ಮುರಿದಿದೆಯೇ ಎಂಬುದನ್ನೂ ನೋಡಿ. ಹೊರದೇಶದಿಂದ ತಂದ ಯಂತ್ರವಾದರೆ ಹಿಂಬದಿಯ ಫಲಕವನ್ನು ಓದಲೇಬೇಕು. ಅಮೆರಿಕದ್ದು 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಇನ್ನೊಂದು ವಿಚಿತ್ರವಿದೆ. ವರ್ಷಗಟ್ಟಲೆ ಪ್ಲಗ್ಗಿನಲ್ಲಿಯೇ ಇದ್ದು ಚೆನ್ನಾಗಿ ನಡೆಯುತ್ತಿದ್ದ ಯಂತ್ರ, ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಏಳುವುದೇ ಇಲ್ಲ. ಕರೆಂಟಿನವರನ್ನು ಬೈಯುವುದು ವಾಡಿಕೆ. ಆದರೆ ಎಷ್ಟೋ ವೇಳೆ ದೋಷವಿರುವುದು ಒಳಗಿನ ಒಂದು ಪುಟ್ಟ ಕೆಪ್ಯಾಸಿಟರಿನಲ್ಲಿ. ಇದು ವಿದ್ಯುತ್ತನ್ನು ಕೂಡಿಟ್ಟು ಬಿಡುವ ಡಬ್ಬಿ. ಇದರೊಳಗಿನ ದ್ರವ ಬಿಸಿಗೆ ವರ್ಷವರ್ಷವೂ ಒಣಗುತ್ತ ಬರುತ್ತದೆ. ನಿಂತ ಬಂಡಿಯನ್ನು ಕದಲಿಸಲು ಬೇಕಾದಷ್ಟು ಬಲ ಓಡುವ ಬಂಡಿಗೆ ಬೇಡವಷ್ಟೆ? ಹಾಗೆಯೇ ಒಣಗಿದ ಕೆಪ್ಯಾಸಿಟರು ನಡೆಯುತ್ತಿದ್ದ ಯಂತ್ರವನ್ನು ತಡೆಯಲಿಲ್ಲ. ನಿಂತದ್ದನ್ನು ಎಬ್ಬಿಸಲಾರದೆ ಹೋಯಿತು. ಅದರ ಬೆಲೆ ಕೆಲವೇ ರೂಪಾಯಿ. ಹೊಸದು ಅದೇ ಮೈಕ್ರೋಫ್ಯಾರಡಿನದಾಗಿರಬೇಕು, ವೋಲ್ಟು ಕಡಿಮೆಯಿರಬಾರದು, ಧನ ಋಣಗಳು ಅದಲುಬದಲಾಗಬಾರದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಇಂತಹ ಯಂತ್ರಗಳ ದೊಡ್ಡ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟಿನ ವಿದ್ಯುತ್ತು ತುಂಬಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲಹೊತ್ತು ಉಳಿದಿರಬಹುದು. ಮುಚ್ಚಳ ತೆಗೆಯುವುದು ಕೆಲಸ ಬಲ್ಲವನಿಗೇ ಇರಲಿ. ಬಲ್ಲವನು ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವುದಿಲ್ಲ. 60 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸೀರೀಸಿನಲ್ಲಿ ಜೋಡಿಸಿ ನೋಡುತ್ತಾನೆ. ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು.

ಯಂತ್ರ ಎದ್ದಿತೆಂಬ ಸಂತೋಷದಲ್ಲಿ ಮನೆಯ ಮದುವೆಯ ಕ್ಯಾಸೆಟ್ಟನ್ನು ತುರುಕಬೇಡಿ. ಹೋದರೂ ಚಿಂತೆಯಿಲ್ಲದ ಯಾವುದಾದರೂ ಸಿನಿಮಾ ಕ್ಯಾಸೆಟ್ಟನ್ನು ಮೊದಲು ಓಡಿಸಿ, ಟೇಪನ್ನು ಯಂತ್ರ ಅಗಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಟೇಪಿನ ಮೇಲೆ ಬಿಳಿಯ ಬೂಷ್ಟು ಕಂಡರೆ ಶುಚಿಮಾಡಿಸದೆ ಹಾಕಲೇಬಾರದು. ಚಿತ್ರ ಮೂಡಿದ ದಿನವೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಮೇಲು. ಮರುದಿನ ಯಂತ್ರ ಏಳುತ್ತದೆಂಬ ಭರವಸೆಯೇನೂ ಇಲ್ಲ.