ಏಳಲೊಲ್ಲದ ಗಣಕಯಂತ್ರ

ತಿಪಟೂರು ಸೀಮೆಯ ತೋಟಗಳಲ್ಲಿ ಕೊಳವೆಬಾವಿಗಳು ಹೆಚ್ಚುವುದಕ್ಕೆ ಮುಂಚೆ ತೆರೆದ ಬಾವಿಯ ದಡದಲ್ಲಿ ಪಂಪನ್ನು ಕೂರಿಸಿ ತೆಂಗಿಗೆ ನೀರೆತ್ತುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಆ ಪಂಪಿಗೆ ಒಂದು ವಿಚಿತ್ರ ಸ್ವಭಾವವುಂಟು. ನೀರನ್ನೆತ್ತುವುದೇ ಅದರ ಕೆಲಸವಾದರೂ ತನ್ನ ಹೊಟ್ಟೆಯಲ್ಲಿ ಮೊದಲೇ ನೀರಿಲ್ಲದಿದ್ದರೆ ಅದು ಒಂದು ತೊಟ್ಟನ್ನೂ ಎತ್ತಲಾರದು. ಗಾಳಿಯ ಸಾಂದ್ರತೆಯು ನೀರಿನದರಲ್ಲಿ ಸುಮಾರು 800ನೆಯ ಒಂದು ಪಾಲು ಮಾತ್ರ. ಆದುದರಿಂದ ಬರಿಯ ಗಾಳಿ ತುಂಬಿದ ಕವಚದಲ್ಲಿ ಚಕ್ರವು ಎಷ್ಟು ವೇಗವಾಗಿ ತಿರುಗಿದರೂ ಬಾವಿಯ ನೀರನ್ನು ಮೇಲಕ್ಕೆಳೆಯುವಷ್ಟು ಒತ್ತಡದ ವ್ಯತ್ಯಾಸ ಹುಟ್ಟುವುದಿಲ್ಲ. ರೈತನು ಕೊಡದಲ್ಲಿ ನೀರು ತಂದು ಕೊಳವೆಯೊಳಕ್ಕೆ ಸುರಿದು, ತಳದ ಫುಟ್‌ವಾಲ್ವು ಅದನ್ನು ಹಿಡಿದು ನಿಲ್ಲಿಸಿದ ಮೇಲೆ ಗುಂಡಿಯನ್ನೊತ್ತುತ್ತಿದ್ದನು.

ಗಣಕಯಂತ್ರದ ಸ್ವಭಾವವೂ ಇಂಥದೇ. ಅದು ಮಾಡುವುದೆಲ್ಲವೂ ಕ್ರಮವಿಧಿಗಳ ಅಪ್ಪಣೆಯಂತೆ. ಆ ಕ್ರಮವಿಧಿಗಳು ಡಿಸ್ಕಿನಲ್ಲಿವೆ. ಡಿಸ್ಕನ್ನು ಓದಬೇಕಾದರೂ ಒಂದು ಕ್ರಮವಿಧಿ ಬೇಕು. ಈ ತೊಡಕನ್ನು ಬಿಡಿಸುವುದಕ್ಕಾಗಿ ತಯಾರಕರು ಯಂತ್ರದ ಮುಖ್ಯ ಹಲಗೆಯ ಮೇಲಿನ ಒಂದು ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದ ಒಂದು ಚಿಕ್ಕ ಕ್ರಮವಿಧಿಯನ್ನು ಬರೆದಿಟ್ಟಿರುತ್ತಾರೆ. ಕೊಡದ ನೀರೆಂದರೆ ಇದೇ. ಗುಂಡಿಯನ್ನೊತ್ತಿದೊಡನೆ ಇದು ಎಚ್ಚತ್ತು ಡಿಸ್ಕಿನಲ್ಲಿ ಗೊತ್ತಾದ ಸ್ಥಳದಿಂದ ಸ್ವಲ್ಪ ದೊಡ್ಡದಾದ ಇನ್ನೊಂದನ್ನು ಸ್ಮೃತಿಗೆ ತರುತ್ತದೆ, ಅದು ಮತ್ತೊಂದನ್ನು, ಆ ಮತ್ತೊಂದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು. ವಿಂಡೋಸ್ ವ್ಯವಸ್ಥೆಯಲ್ಲಿ ಈ ತಿರುಳೊಂದೇ ಸುಮಾರು ಒಂದು ಕೋಟಿ ಬೈಟುಗಳ ಕಡತ. ಹೀಗೆ ಒಬ್ಬರು ಮತ್ತೊಬ್ಬರನ್ನು ಎಬ್ಬಿಸುವ ಸಾಲಿಗೆ ‘ಬೂಟ್’ ಎಂದು ಹೆಸರು. ಸಾಲಿನಲ್ಲಿ ಒಬ್ಬರು ಏಳದಿದ್ದರೆ ಅವರ ಹಿಂದಿನವರೆಲ್ಲರೂ ಮಲಗಿಯೇ ಇರುತ್ತಾರೆ.

ಕಳೆದ ಮುಂಗಾರಿನಲ್ಲಿ ಅರಳಗುಪ್ಪೆಯ ಪರಿಚಿತರೊಬ್ಬರ ಮನೆಯಲ್ಲಿ ಹೀಗಾಯಿತು. ಅವರು ಉಂಡೆಕೊಬ್ಬರಿ ಮಾಡುವವರು. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಒಂದು ವರ್ಷದ ಸಮೀಪ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕುಲುಕಿದಾಗ ಸದ್ದಾಗುತ್ತದಷ್ಟೆ. ಯಾವ ತೋಟದ ಕಾಯಿ ಯಾವ ತಾರೀಕಿನಲ್ಲಿ ಎಷ್ಟು ಏರಿತು, ಯಾವ ಅಂಕಣದಲ್ಲಿದೆ, ಹಿಂದಿನ ವರ್ಷಗಳಲ್ಲಿ ಎಷ್ಟು ಕ್ವಿಂಟಾಲು ಇಳಿದು ತಿಪಟೂರಿನ ಮಾರುಕಟ್ಟೆಯಲ್ಲಿ ಏನು ಬೆಲೆಗೆ ಹೋಯಿತು ಎಂಬ ಲೆಕ್ಕವೆಲ್ಲವನ್ನೂ ಅವರು ಗಣಕಯಂತ್ರಕ್ಕೆ ಒಪ್ಪಿಸಿದ್ದರು. ತೀರಿಕೊಂಡ ಅವರ ತಂದೆಯವರ ಛಾಯಾಚಿತ್ರಗಳೂ ಅದರಲ್ಲಿಯೇ ಇದ್ದವು. ಒಂದು ಸಂಜೆ ಯಂತ್ರವು ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗ ಗುಡುಗು ಬಂದಿತು, ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಮರುದಿನ ಪರದೆಯ ಮೇಲೆ ನೀಲಿಯ ಬಣ್ಣವೂ ಒಂದು ಇಂಗ್ಲಿಷ್ ವಾಕ್ಯವೂ ಹೊರತು ಬೇರೇನೂ ಕಾಣಲಿಲ್ಲ.

“ಮೇಷ್ಟ್ರೇ, ಅಂಗಡಿಯವರು ಫಾರ್ಮ್ಯಾಟ್ ಮಾಡದೆ ದಾರಿಯೇ ಇಲ್ಲ ಅಂತಾರೆ. ಮಾಡಿದರೆ ಲೆಕ್ಕ ಉಳಿಯುತ್ತದೆಯೇ?” ಎಂದು ಅವರು ದೂರವಾಣಿಯಲ್ಲಿ ಕೇಳಿದರು. ಉಳಿಯುವುದಿಲ್ಲ. ಫಾರ್ಮ್ಯಾಟ್ ಎಂದರೆ ಮನೆಯ ಬೀಗ ಕೆಟ್ಟಿತೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದಂತೆ. ಯಂತ್ರವನ್ನು ಮುಟ್ಟದೆ ಇಟ್ಟಿರಬೇಕೆಂದು ತಿಳಿಸಿ ಭಾನುವಾರ ರೈಲಿನಲ್ಲಿ ಅರಳಗುಪ್ಪೆಗೆ ಹೋದೆವು.

ಪರದೆಯ ವಾಕ್ಯವನ್ನು ಸಾವಧಾನವಾಗಿ ಓದುವವರು ಕಡಮೆ; ಆದರೆ ರೋಗದ ಹೆಸರು ಅದರಲ್ಲಿಯೇ ಇರುತ್ತದೆ. ಅಂದು ಅದು ಒಂದು ಕಡತದ ಹೆಸರನ್ನು ಹೇಳಿ, ಅದರ ತಾಳೆಮೊತ್ತ ಹೊಂದುವುದಿಲ್ಲವೆಂದು ಸಂಕೇತಸಂಖ್ಯೆಯ ಮೂಲಕ ತಿಳಿಸುತ್ತಿತ್ತು. ಕಿರ್ದಿ ಬರೆಯುವವರು ಪ್ರತಿ ಪುಟದ ಕೆಳಗೆ ಮೊತ್ತವನ್ನು ಬರೆದಿರುತ್ತಾರೆ. ಪುಟದ ಅಂಕಿಗಳನ್ನು ಮತ್ತೆ ಕೂಡಿದಾಗ ಆ ಮೊತ್ತ ಬಾರದಿದ್ದರೆ ಯಾವುದೋ ಅಂಕಿ ಬದಲಾಗಿದೆ ಎಂದರ್ಥ. ಕಡತದೊಳಗೂ ಇಂಥ ಮೊತ್ತವೊಂದಿರುತ್ತದೆ. ಹೊಂದದ ತಿರುಳನ್ನು ನಂಬಿ ನಡೆಸುವುದಕ್ಕಿಂತ ನಿಂತುಬಿಡುವುದು ಲೇಸೆಂದು ಯಂತ್ರವು ನಿಂತಿತ್ತು. ಇದನ್ನು ನಾವು ಯಂತ್ರದ ದೋಷವೆನ್ನಲಾರೆವು; ಎಚ್ಚರಿಕೆಯೆನ್ನುತ್ತೇವೆ.

ಕರೆಂಟು ಹೋದ ಮಾತ್ರಕ್ಕೆ ಬರೆದದ್ದು ಕೆಡುವುದೇಕೆ? ಆ ಯಂತ್ರದಲ್ಲಿದ್ದುದು ತಿರುಗುವ ಕಾಂತಡಿಸ್ಕು. ಅದರ ತಟ್ಟೆಯು ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬರೆಯುವ ಶಿರವು ಅದರ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಕರೆಂಟು ಹೋದೊಡನೆ ಶಿರವು ತಟ್ಟೆಗೆ ತಗುಲಿ ಗೀರಬೇಕಾಗಿತ್ತು. ಹಾಗಾಗದಿರುವುದಕ್ಕೆ ಒಂದು ಸೊಗಸಾದ ಉಪಾಯವಿದೆ. ಇನ್ನೂ ತಿರುಗುತ್ತಿರುವ ಮೋಟರು ಆ ಕ್ಷಣದಿಂದ ಡೈನಮೋ ಆಗುತ್ತದೆ. ತಟ್ಟೆಯ ಚಲನಶಕ್ತಿಯೇ ವಿದ್ಯುತ್ತಾಗಿ ಶಿರವನ್ನು ಸುರಕ್ಷಿತ ಸ್ಥಾನಕ್ಕೆ ಎಳೆದೊಯ್ಯುತ್ತದೆ. ಫ್ಯಾರಡೆಯ ನಿಯಮವನ್ನು ತರಗತಿಯಲ್ಲಿ ಬೋಧಿಸುವಾಗ ಈ ನಿದರ್ಶನವನ್ನು ನಾವು ಬಿಡುವುದೇ ಇಲ್ಲ. ಆದರೆ ಹೀಗೆ ಉಳಿಯುವುದು ಡಿಸ್ಕು ಮಾತ್ರ, ಬರೆವಣಿಗೆಯಲ್ಲ. ವೇಗಕ್ಕಾಗಿ ಯಂತ್ರವು ಬರೆಯಬೇಕಾದುದನ್ನು ಮೊದಲು ಸ್ಮೃತಿಯಲ್ಲಿ ಕೂಡಿಟ್ಟುಕೊಂಡು ಬಿಡುವಾದಂತೆ ಡಿಸ್ಕಿಗೆ ಇಳಿಸುತ್ತಿರುತ್ತದೆ. ಸ್ಮೃತಿಯಲ್ಲಿದ್ದುದು ಕರೆಂಟಿನೊಡನೆ ಮಾಯವಾಗಿ, ಕಡತದ ಅರ್ಧ ಹೊಸದೂ ಅರ್ಧ ಹಳೆಯದೂ ಆಗಿ ಉಳಿಯಬಹುದು. ವಿಂಡೋಸಿನ ಕಡತವ್ಯವಸ್ಥೆಯು ಒಂದು ದಿನಚರಿಯನ್ನು ಇಟ್ಟಿರುತ್ತದೆಂಬುದು ನಿಜ. ಆದರೆ ಅದರಲ್ಲಿರುವುದು ಕಡತಗಳ ಹೆಸರು, ಸ್ಥಳ, ಅಳತೆಗಳ ವಿಚಾರ. ಕಡತದ ಒಡಲಿನ ವಿಚಾರವಲ್ಲ. ಕಾಂತಡಿಸ್ಕಿಲ್ಲದ ಹೊಸ ಯಂತ್ರಗಳೂ ಈ ಅಪಾಯಕ್ಕೆ ಹೊರತಲ್ಲ. ಸಾಯುತ್ತಿರುವ ಡಿಸ್ಕು, ದೋಷವುಳ್ಳ ಸ್ಮೃತಿಹಲಗೆ, ತಪ್ಪಾಗಿ ಬಂದ ಅಪ್‌ಡೇಟು ಇವುಗಳಿಂದಲೂ ಇದೇ ಫಲ.

ಇಲ್ಲಿ ವಾಚಕರು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿ ನರ್ತಿಸುವ ಶಿವನೂ ಸುತ್ತಲೂ ಅಷ್ಟದಿಕ್ಪಾಲಕರೂ ಇದ್ದಾರೆ. ನೊಳಂಬರ ಕಾಲದ ಕೆಲಸ. ಆ ದಿಕ್ಪಾಲಕರೊಬ್ಬರ ಕೈಬೆರಳು ಮುರಿದರೆ ಯಾವ ಶಿಲ್ಪಿಯೂ ಅದೇ ಬೆರಳನ್ನು ಮತ್ತೆ ಮಾಡಲಾರನು. ಹೆಚ್ಚೆಂದರೆ ಅದರಂಥದೊಂದನ್ನು ಮಾಡಿಯಾನು. ವಿಂಡೋಸಿನ ತಿರುಳಿನ ಕಡತ ಹಾಗಲ್ಲ. ಅದೇ ಆವೃತ್ತಿಯ ಕಡತ ಪ್ರಪಂಚದ ಕೋಟ್ಯಂತರ ಯಂತ್ರಗಳಲ್ಲಿ, ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಇದೆ. ಪ್ರತಿಯನ್ನು ತಂದಿಟ್ಟರೆ ಅದು ಮೂಲದ ‘ಹಾಗೆ’ ಇರುವುದಲ್ಲ, ಮೂಲವೇ ಆಗುತ್ತದೆ. ಆದರೆ ನಮ್ಮ ಪರಿಚಿತರ ಅಟ್ಟದ ಲೆಕ್ಕ ಇದ್ದುದು ಪ್ರಪಂಚದಲ್ಲಿ ಆ ಒಂದು ಡಿಸ್ಕಿನಲ್ಲಿ ಮಾತ್ರ. ಕೆಟ್ಟಿದ್ದುದು ಎಲ್ಲಿಯೂ ಸಿಗುವ ವಸ್ತು; ಅದನ್ನು ಸರಿಪಡಿಸಲು ಅಂಗಡಿಯವರು ಅಳಿಸಲು ಹೊರಟಿದ್ದುದು ಎಲ್ಲಿಯೂ ಸಿಗದ ವಸ್ತು!

ಆದುದರಿಂದ ರಿಪೇರಿಗೆ ಕೈಹಾಕುವ ಮೊದಲು ಲೆಕ್ಕವನ್ನೂ ಚಿತ್ರಗಳನ್ನೂ ಹೊರತೆಗೆದೆವು. ಇದಕ್ಕೆ ಆ ಯಂತ್ರದ ವಿಂಡೋಸ್ ಏಳಬೇಕಾದ ಅಗತ್ಯವಿಲ್ಲ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆಗಳುಂಟು. ನೆರೆಯವರು ನೀರು ತಂದು ಪಂಪಿಗೆ ಸುರಿದಂತೆ, ಯಂತ್ರವನ್ನು ಅವು ತಮ್ಮ ಬಲದಿಂದ ಎಬ್ಬಿಸುತ್ತವೆ. ಡಿಸ್ಕು ಕಟಕಟ ಸದ್ದು ಮಾಡುತ್ತಿಲ್ಲವೆಂದು ಕಿವಿಗೊಟ್ಟು ನೋಡಿ, ಲಿನಕ್ಸಿನಿಂದ ಎಬ್ಬಿಸಿ, ಬೇಕಾದ ಕಡತಗಳನ್ನು ಇನ್ನೊಂದು ಡ್ರೈವಿಗೆ ಇಳಿಸಿಕೊಂಡೆವು. ಸದ್ದಿದ್ದರೆ ಆ ಕೂಡಲೇ ಆರಿಸಿ ತಜ್ಞರಿಗೆ ಒಪ್ಪಿಸುವುದು ಉತ್ತಮ. ಅಂಥ ಡಿಸ್ಕಿನ ಮೇಲೆ ದುರಸ್ತಿಯ ಕ್ರಮವಿಧಿಗಳನ್ನು ಓಡಿಸುವುದು ಕುಂಟುವ ಎತ್ತನ್ನು ಗಾಣಕ್ಕೆ ಹೂಡಿದಂತೆ. ಲೆಕ್ಕದ ಪುಟ ತೆರೆದದ್ದನ್ನು ಕಂಡ ಮೇಲೆಯೇ ಆ ಮನೆಯವರು ನಮಗೆ ಕಾಫಿ ಕೊಡುವ ನೆನಪು ಮಾಡಿಕೊಂಡರು.

ಅನಂತರದ್ದು ನಿರಾತಂಕದ ಕೆಲಸ. ಎದ್ದೇಳಲು ಸತತವಾಗಿ ಸೋತ ವಿಂಡೋಸ್ ಸಾಮಾನ್ಯವಾಗಿ ತಾನಾಗಿಯೇ ಚೇತರಿಕೆಯ ಪರದೆಯೊಂದನ್ನು ತೋರಿಸುತ್ತದೆ. ಅದರಲ್ಲಿನ ‘ಸ್ಟಾರ್ಟಪ್ ರಿಪೇರ್’ ನಮಗೆ ಫಲಿಸಲಿಲ್ಲ. ಅದೇ ಪರದೆಯಿಂದ ಅಪ್ಪಣೆಗಳನ್ನು ಬೆರಳಚ್ಚು ಮಾಡುವ ‘ಕಮ್ಯಾಂಡ್ ಪ್ರಾಂಪ್ಟ್’ ತೆರೆದೆವು. ಎಸ್‌ಎಫ್‌ಸಿ ಎಂಬ ಪರೀಕ್ಷಕವೊಂದುಂಟು. ಅದು ಪ್ರತಿಯೊಂದು ವ್ಯವಸ್ಥಾಕಡತದ ಮುದ್ರೆಯನ್ನೂ ಲೆಕ್ಕಹಾಕಿ, ಇರಬೇಕಾದ ಮುದ್ರೆಯೊಡನೆ ಹೋಲಿಸಿ, ಕೆಟ್ಟುದನ್ನು ವಿಂಡೋಸಿನ ಉಗ್ರಾಣದಲ್ಲಿರುವ ಒಳ್ಳೆಯ ಪ್ರತಿಯಿಂದ ಬದಲಿಸುತ್ತದೆ. ಈ ಮುದ್ರೆಯ ಗಣಿತ ಬಲು ಸೂಕ್ಷ್ಮ. ಕೋಟಿ ಬೈಟುಗಳಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಮುದ್ರೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಮೊದಲ ಸಲ ನಮಗೆ ಏನೂ ದೊರೆಯಲಿಲ್ಲ. ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯಿತು: ಚೇತರಿಕೆಯ ಪರದೆಯಲ್ಲಿ ಡಿಸ್ಕಿನ ಭಾಗಗಳ ಅಕ್ಷರಗಳು ಬದಲಾಗಬಹುದು, ‘ಸಿ’ ಎಂದು ನಾವು ತಿಳಿದುಕೊಂಡಿದ್ದುದು ಅಲ್ಲಿ ‘ಡಿ’ ಆಗಿತ್ತು. ಭೌತಶಾಸ್ತ್ರದ ಅಧ್ಯಾಪಕರೆಂಬ ಗೌರವಕ್ಕೆ ಆ ಅರ್ಧ ಗಂಟೆಯಲ್ಲಿ ಸ್ವಲ್ಪ ಕುಂದು ಬಂದಿತೆಂದು ಒಪ್ಪಿಕೊಳ್ಳಬೇಕು.

ಎರಡನೆಯ ಸಲ ಎಸ್‌ಎಫ್‌ಸಿ ಕೆಟ್ಟ ಕಡತಗಳನ್ನು ಕಂಡಿತು, ಕೆಲವನ್ನು ಸರಿಪಡಿಸಲಾರೆನೆಂದಿತು. ಉಗ್ರಾಣದಲ್ಲಿಯೂ ಹುಳು ಬಿದ್ದಿತ್ತು. ಇಂಥಲ್ಲಿ ಡಿಸ್ಮ್ ಎಂಬ ಇನ್ನೊಂದು ಉಪಕರಣವು ಹೊರಗಿನಿಂದ ಒಳ್ಳೆಯ ಸರಕನ್ನು ತರಿಸಿ ಉಗ್ರಾಣವನ್ನೇ ಸರಿಪಡಿಸುತ್ತದೆ. ಅದೇ ಆವೃತ್ತಿಯ ವಿಂಡೋಸನ್ನು ಮೈಕ್ರೋಸಾಫ್ಟಿನವರ ತಾಣದಿಂದ ಇಳಿಸಿಕೊಂಡು ಬೇರೊಂದು ಯಂತ್ರದಲ್ಲಿ ಪೆನ್‌ಡ್ರೈವಿಗೆ ಬರೆದುಕೊಂಡು ಹೋಗಿದ್ದೆವು. ಮೊದಲು ಡಿಸ್ಮ್, ಅನಂತರ ಮತ್ತೆ ಎಸ್‌ಎಫ್‌ಸಿ. ಸಂಜೆ ನಾಲ್ಕರ ಸುಮಾರಿಗೆ ಯಂತ್ರ ಎದ್ದಿತು. ಏಳದೆ ಹೋಗಿದ್ದರೂ ನಷ್ಟವೇನೂ ಇರಲಿಲ್ಲ. ಲೆಕ್ಕ ಕೈಗೆ ಬಂದಿದ್ದುದರಿಂದ ಫಾರ್ಮ್ಯಾಟ್ ಮಾಡಿ ಹೊಸದಾಗಿ ಸ್ಥಾಪಿಸಬಹುದಾಗಿತ್ತು.

ಒಂದೇ ಕೆಟ್ಟ ಕಡತವು ಎಷ್ಟು ದೂರ ಮುಟ್ಟಬಲ್ಲದೆಂಬುದನ್ನು ಪ್ರಪಂಚವು 2024ನೆಯ ಜುಲೈ 19ರಂದು ಕಂಡಿತು. ಅಂದು ಬೆಳಗ್ಗೆ ನಮ್ಮ ಕಾಲಮಾನ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾ ಸಂಸ್ಥೆಯಿಂದ ವಿಂಡೋಸ್ ಯಂತ್ರಗಳಿಗೆ ಚಿಕ್ಕ ಕಡತವೊಂದು ಹೋಯಿತು. ಅದನ್ನು ಓದುವ ಕ್ರಮವಿಧಿಗೆ 20 ಅಂಶಗಳು ಒದಗಿದ್ದವು. ಹೊಸ ಕಡತ 21ನೆಯದನ್ನೂ ನೋಡೆಂದಿತು. ಇಲ್ಲದ ಅಂಶವನ್ನು ಓದಲು ಹೋಗಿ ಕ್ರಮವಿಧಿಯು ತನಗೆ ಸೇರದ ಸ್ಮೃತಿಗೆ ಕೈಹಾಕಿತು. ಅದು ತಿರುಳಿನೊಳಗೇ ಕುಳಿತಿರುವ ಕ್ರಮವಿಧಿಯಾದುದರಿಂದ ಇಡೀ ಯಂತ್ರವೇ ಕುಸಿಯಿತು. ಮತ್ತೆ ಎಬ್ಬಿಸಿದಾಗ ಅದೇ ಕಡತವನ್ನೋದಿ ಮತ್ತೆ ಕುಸಿಯಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಹೀಗೆ ಬಿದ್ದ ಯಂತ್ರಗಳು 85 ಲಕ್ಷ. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿಯೂ ಕೆಲವು ವಿಮಾನಸಂಸ್ಥೆಗಳ ಕೆಲಸ ಕೈಬರಹಕ್ಕೆ ಇಳಿಯಿತು, ಪ್ರಯಾಣಿಕರ ಸಾಲು ಬೆಳೆಯಿತು. ತಪ್ಪನ್ನು 10 ಗಂಟೆ 57 ನಿಮಿಷಕ್ಕೇ ತಿದ್ದಿದ್ದರು! ಆದರೆ ತಿದ್ದಿದ ಕಡತ ಜಾಲದ ಮೂಲಕ ಬರಬೇಕಾದರೆ ಯಂತ್ರ ಎದ್ದಿರಬೇಕು. ಏಳಬೇಕಾದರೆ ತಿದ್ದಿದ ಕಡತ ಬೇಕು. ನೀರಿಲ್ಲದ ಪಂಪು. ಕೊನೆಗೆ ಅನೇಕ ಕಡೆ ಕೆಲಸಗಾರರು ಒಂದೊಂದೇ ಯಂತ್ರದ ಮುಂದೆ ಕುಳಿತು, ‘ಸೇಫ್ ಮೋಡ್’ ಎಂಬ ಕನಿಷ್ಠ ಸಿದ್ಧತೆಯಲ್ಲಿ ಎಬ್ಬಿಸಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಅಂದು ಅವರಲ್ಲಿ ಹಲವರನ್ನು ತಡೆದ ಇನ್ನೊಂದು ಸಂಗತಿ ಮನೆಯ ಯಂತ್ರಗಳಿಗೂ ಅನ್ವಯಿಸುತ್ತದೆ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಎಂಬ ಬೀಗ ಈಚಿನ ಅನೇಕ ಯಂತ್ರಗಳಲ್ಲಿ ತಾನಾಗಿಯೇ ಹಾಕಿಕೊಂಡಿರುತ್ತದೆ. ಯಂತ್ರ ನೆಟ್ಟಗಿರುವವರೆಗೆ ಯಜಮಾನನಿಗೆ ಅದರ ಸುಳಿವೇ ಇರದು. ಚೇತರಿಕೆಯ ಪರದೆಗೆ ಹೋದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಕೀಲಿಯಿಲ್ಲದಿದ್ದರೆ ಲಿನಕ್ಸೂ ಆ ಡಿಸ್ಕಿನಲ್ಲಿ ಒಂದಕ್ಷರವನ್ನೂ ಓದಲಾರದು. ಅರಳಗುಪ್ಪೆಯ ಯಂತ್ರ ಹಳೆಯದಾದುದರಿಂದ ಬೀಗವಿರಲಿಲ್ಲ. ಹೊಸ ಯಂತ್ರವುಳ್ಳವರು ಅದು ಎದ್ದಿರುವಾಗಲೇ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಪಹಣಿಯ ಜೊತೆಯಲ್ಲಿಡತಕ್ಕದ್ದು.

ನಾವು ಹೊರಡುವ ಹೊತ್ತಿಗೆ ಆ ಮನೆಯ ಅಜ್ಜಿಯವರು ಲೆಕ್ಕದ ಪ್ರತಿಯಿದ್ದ ಪೆನ್‌ಡ್ರೈವನ್ನು ಇಸಿದುಕೊಂಡು ಬೀರುವಿನಲ್ಲಿ ಒಡವೆಯ ಡಬ್ಬಿಯ ಪಕ್ಕಕ್ಕೆ ಇಟ್ಟರು. ಪರಿಚಿತರು ಪರದೆಯ ಮುಂದೆ ಕುಳಿತು ಬಡಗಣ ಅಂಕಣದ ತಾರೀಕನ್ನು ನೋಡುತ್ತಿದ್ದರು. ಅದು ಏರಿ ಹನ್ನೊಂದು ತಿಂಗಳಾಗಿತ್ತು. ಅವರು ಏಣಿಯನ್ನು ತರಹೇಳಿ, ಅಟ್ಟಕ್ಕೆ ಹತ್ತಿ, ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿದರು.