ಲೋಹದ ಕವಾಟ, ಐದು ದಿನದ ಲೆಕ್ಕ

ಡೆಂಕಣಿಕೋಟೆ ಕಡೆಯಿಂದ ಹೊಸೂರು ದಾಟಿ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಆಸ್ಪತ್ರೆಯ ಫೈಲು ಹಿಡಿದವರು ಇದ್ದೇ ಇರುತ್ತಾರೆ. ಹೃದಯದ ತೊಂದರೆಯವರು ಜಯದೇವ ಆಸ್ಪತ್ರೆಗೆ, ಕ್ಯಾನ್ಸರಿನವರು ಕಿದ್ವಾಯಿ ಆಸ್ಪತ್ರೆಗೆ. ಹೃದಯದಲ್ಲಿ ಲೋಹದ ಕವಾಟ ಇರುವವರಿಗೇ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಂಡರೆ ಎರಡೂ ಕಡೆಯ ವೈದ್ಯರು ಕೂಡಿ ಲೆಕ್ಕ ಹಾಕಬೇಕಾಗುತ್ತದೆ.

ಕವಾಟ ಒಂದು ಪುಟ್ಟ ಯಂತ್ರ. ನಮ್ಮ ದೇಶದ್ದೇ ಆದ ಚಿತ್ರಾ ಕವಾಟವನ್ನು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ರೂಪಿಸಿತು. ಮೊದಲ ರೋಗಿಗೆ ಅಳವಡಿಸಿದ್ದು 1990ರ ಡಿಸೆಂಬರ್‌ನಲ್ಲಿ. ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಬಳೆ, ನಡುವೆ ಓರೆಯಾಗಿ ತೆರೆದುಕೊಳ್ಳುವ ಪ್ಲಾಸ್ಟಿಕ್ ಬಿಲ್ಲೆ, ಹೃದಯಕ್ಕೆ ಹೊಲಿಯಲು ಸುತ್ತ ಪಾಲಿಯೆಸ್ಟರ್ ಅಂಚು. ನಾಡಿ ನಿಮಿಷಕ್ಕೆ 70 ಇದ್ದರೆ ಬಿಲ್ಲೆ ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚುತ್ತದೆ. ಅದು ಸವೆದೀತೆಂಬ ಭಯ ಕಡಿಮೆ. ಹೊರಗಿನ ವಸ್ತು ಸೋಕಿದ ರಕ್ತ ಹೆಪ್ಪುಗಟ್ಟುತ್ತದಲ್ಲ, ಭಯ ಅದರದ್ದು. ಹೆಪ್ಪು ಬಿಲ್ಲೆಯನ್ನೇ ಸಿಕ್ಕಿಸಬಹುದು. ಕಳಚಿಕೊಂಡು ಮೆದುಳಿಗೆ ಹೋದರೆ ಲಕ್ವ. ಹಾಗಾಗಿ ಬದುಕಿರುವಷ್ಟು ದಿನವೂ ಅಸಿಟ್ರೋಮ್ ಇಲ್ಲವೇ ವಾರ್ಫರಿನ್ ಮಾತ್ರೆ.

ಹೆಪ್ಪುಗಟ್ಟಿಸುವ ಪ್ರೋಟೀನುಗಳು ತಯಾರಾಗಲು ವಿಟಮಿನ್ ಕೆ ಬೇಕು. ಮಾತ್ರೆ ಅಡ್ಡಗಾಲು ಹಾಕುವುದು ಅದಕ್ಕೇ. ಆ ವಿಟಮಿನ್ ತುಂಬಿರುವುದು ಸೊಪ್ಪಿನಲ್ಲಿ. ಮುದ್ದೆ, ಬಸ್ಸಾರು ಉಣ್ಣುವ ಸೀಮೆಯಲ್ಲಿ ಸೊಪ್ಪು ಬಿಡಿ ಅನ್ನುವುದು ಆಗದ ಮಾತು, ಬಿಡಬೇಕಾಗಿಯೂ ಇಲ್ಲ. ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೇ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್‌ಆರ್ ರಕ್ತಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಹೊಂದಿಸುತ್ತಾರೆ.

ಈಗ ಶ್ವಾಸಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ. ಹೃದಯದ ಬಲಭಾಗಕ್ಕೆ ಬಂದ ರಕ್ತವೆಲ್ಲ ಶ್ವಾಸಕೋಶದ ಮೂಲಕವೇ ಹಾಯಬೇಕು. ಅದರ ಒಂದು ಹಾಲೆ ತೆಗೆಯುವಾಗ ದೊಡ್ಡ ರಕ್ತನಾಳಗಳನ್ನೇ ಕಟ್ಟಿ ಕತ್ತರಿಸುತ್ತಾರೆ. ಹಾಗಾಗಿ ವಾರ್ಫರಿನ್ ಅನ್ನು ಸುಮಾರು 5 ದಿನ ಮೊದಲು ನಿಲ್ಲಿಸುತ್ತಾರೆ. ಬೇಗ ಇಳಿಯುವ ಅಸಿಟ್ರೋಮ್‌ಗೆ 2-3 ದಿನ ಸಾಕು. ಐಎನ್‌ಆರ್ 1.5ಕ್ಕಿಂತ ಕೆಳಗೆ ಬರಬೇಕು. ಆ ನಡುವೆ ಕವಾಟವನ್ನು ಕಾಯುವುದು ಹೆಪಾರಿನ್ ಚುಚ್ಚುಮದ್ದು. ಇದರ ಪ್ರಭಾವ ಗಂಟೆಗಳಲ್ಲಿ ಇಳಿಯುತ್ತದೆ. ಹೊಟ್ಟೆಯ ಚರ್ಮದಡಿ ಕೊಡುವ ಬಗೆಯದಾದರೆ ಕೊನೆಯ ಡೋಸು ಶಸ್ತ್ರಚಿಕಿತ್ಸೆಗೆ 24 ಗಂಟೆ ಮೊದಲು. ನೋವು ತಡೆಯಲು ಬೆನ್ನಿನಲ್ಲಿ ಎಪಿಡ್ಯೂರಲ್ ನಳಿಕೆ ಇಡುವವರು ಈ ಗಡಿಯಾರವನ್ನು ಇನ್ನೂ ಕಟ್ಟುನಿಟ್ಟಾಗಿ ನೋಡುತ್ತಾರೆ. ಅಲ್ಲಿ ರಕ್ತ ಸೋರಿದರೆ ಬೆನ್ನುಹುರಿಯೇ ಅದುಮಿಹೋದೀತು.

ಎದೆಬಡಿತದ ಏರುಪೇರಿಗೆ ಅಪಿಕ್ಸಬಾನ್‌ನಂಥ ಹೊಸ ಮಾತ್ರೆ ನುಂಗುವವರ ಕಥೆ ಸಲೀಸು. ಸಾಮಾನ್ಯವಾಗಿ 2 ದಿನ ನಿಲ್ಲಿಸಿದರೆ ಮುಗಿಯಿತು, ಹೆಪಾರಿನ್ ಬೇಡ. ಆದರೆ ಲೋಹದ ಕವಾಟಕ್ಕೆ ಆ ಮಾತ್ರೆಗಳು ನಡೆಯುವುದಿಲ್ಲ.

ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ದಿನಗಳೇ ಹೆಚ್ಚು ನಾಜೂಕಿನವು ಎಂದು ನನ್ನ ಅನಿಸಿಕೆ. ಪೂರ್ತಿ ಪ್ರಮಾಣದ ಹೆಪಾರಿನ್ ಆತುರದಲ್ಲಿ ಕೊಟ್ಟರೆ ಎದೆಯೊಳಗೆ ರಕ್ತ ತುಂಬಬಹುದು. ತಡಮಾಡಿದರೆ ಕವಾಟಕ್ಕೆ ಅಪಾಯ. ಮೇಲಾಗಿ ಕ್ಯಾನ್ಸರೂ ಹಾಸಿಗೆ ಹಿಡಿದ ಮೈಯೂ ಕಾಲಿನ ನಾಳಗಳಲ್ಲಿ ಹೆಪ್ಪನ್ನು ಕರೆಯುತ್ತವೆ. ಎದೆಗೆ ಹಾಕಿದ ನಳಿಕೆಯಿಂದ ಬಾಟಲಿಗೆ ಇಳಿಯುವ ರಕ್ತ ನೋಡಿಕೊಂಡು, ಸಾಮಾನ್ಯವಾಗಿ 2-3 ದಿನ ಕಳೆದು ಪೂರ್ತಿ ಡೋಸು ಕೊಡುತ್ತಾರೆ. ಹಳೆಯ ಮಾತ್ರೆಯನ್ನು ಅದಕ್ಕೂ ಮೊದಲೇ ಶುರುಮಾಡುವುದುಂಟು, ಅದು ಹಿಡಿತಕ್ಕೆ ಬರಲು ಹಲವು ದಿನ ಬೇಕು. ಮನೆಗೆ ಬಂದ ಮೇಲೆ ಆಂಟಿಬಯಾಟಿಕ್ಕು, ಕೀಮೋ ಔಷಧಿಗಳು ಐಎನ್‌ಆರ್ ಅನ್ನು ಏರಿಳಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ರಕ್ತಸ್ರಾವವನ್ನೇ ತರಬಹುದು. ಆ ವಾರಗಳಲ್ಲಿ ಐಎನ್‌ಆರ್ ಪರೀಕ್ಷೆ ಪದೇ ಪದೇ ಆಗಬೇಕು.